ಹೂಂಕಾರವನ್ನು ಹಾಳೆಗೆ ಇಳಿಸಿದವರು

ಪ್ರಶ್ನೆ: ನಾನು ಶಿವಮೊಗ್ಗದ ಒಂದು ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಅಮೆರಿಕದ ಕರಿಯರ ಜನಪ್ರಿಯ ಸಂಗೀತ ಪ್ರಕಾರಗಳಾದ ಸೋಲ್ ಮತ್ತು ಫಂಕ್ ಅನ್ನು ಈಚೆಗೆ ಕೇಳತೊಡಗಿದ್ದೇನೆ. ಗಾಯಕ ಜೇಮ್ಸ್ ಬ್ರೌನ್ ಅವರ ‘ಕೋಲ್ಡ್ ಸ್ವೆಟ್’ ಹಾಡಿನ ಕರ್ತೃಗಳ ಸಾಲಿನಲ್ಲಿ ಅವರ ಜೊತೆಗೆ ಆಲ್ಫ್ರೆಡ್ ಎಲಿಸ್ ಎಂಬ ಹೆಸರಿದೆ. ಬ್ರೌನ್ ಅವರಿಗೆ ನೊಟೇಶನ್ ಓದಲು ಬರೆಯಲು ಬರುತ್ತಿರಲಿಲ್ಲ ಎಂದೂ ಓದಿದೆ. ಹಾಗಾದರೆ ಆ ಹಾಡನ್ನು ಕಟ್ಟಿದವರು ಯಾರು? ಎಲಿಸ್ ಯಾರು, ಅವರು ಮುಂದೆ ಏನು ಮಾಡಿದರು, ಅರೇಂಜರ್ ಎನಿಸಿಕೊಂಡವರು ನಿಜಕ್ಕೂ ಮಾಡುವ ಕೆಲಸವೇನು?

ಉತ್ತರ: ಮೊದಲ ಪ್ರಶ್ನೆಗೆ ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹಾಡನ್ನು ಕಟ್ಟಿದವರು ಇಬ್ಬರೂ ಹೌದು. ಬ್ರೌನ್ ಅವರ ಬಳಿ ಇದ್ದದ್ದು ಒಂದು ನಡೆ. ಅದನ್ನು ಇಡೀ ತಂಡ ಏಕಕಾಲಕ್ಕೆ, ರಾತ್ರಿ ರಾತ್ರಿಯೂ, ಅದೇ ಬಿಗಿಯಲ್ಲಿ ನುಡಿಸಬಹುದಾದ ಸಂಗೀತವನ್ನಾಗಿ ಮಾಡಿದವರು ಎಲಿಸ್. ಈ ಎರಡನೆಯ ಕೆಲಸ ನಮ್ಮಲ್ಲಿಯೂ ಉಂಟು, ಅದನ್ನು ಮಾಡಿದವರ ಹೆಸರು ಮಾತ್ರ ಸಾಮಾನ್ಯವಾಗಿ ಕೇಳುಗರವರೆಗೆ ಬರುವುದಿಲ್ಲ. ಸಿನಿಮಾ ಹಾಡಿನ ಸಂಗೀತ ನಿರ್ದೇಶಕರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಪಲ್ಲವಿ ಮುಗಿದು ಚರಣ ಶುರುವಾಗುವ ಮುನ್ನ ಪಿಟೀಲುಗಳು ಏನು ನುಡಿಸಬೇಕೆಂದು ಹಾಳೆಯ ಮೇಲೆ ಬರೆದುಕೊಟ್ಟವರ ಹೆಸರು ಸ್ಟುಡಿಯೋದ ಗೋಡೆಯೊಳಗೇ ಉಳಿದುಬಿಡುತ್ತದೆ. ವಾದ್ಯ ಸಂಯೋಜಕ ಎನ್ನುವುದು ಹತ್ತಿರದ ಪದವಾದರೂ, ವಾದ್ಯವೃಂದದವರೆಲ್ಲ ಅರೇಂಜರ್ ಎಂದೇ ಕರೆಯುವುದರಿಂದ ನಾನೂ ಆ ಮಾತನ್ನೇ ಬಳಸುತ್ತೇನೆ.

ಆಲ್ಫ್ರೆಡ್ ಎಲಿಸ್ ಅವರನ್ನು ಸಂಗೀತಲೋಕ ಬಲ್ಲದ್ದು ಪೀ ವೀ ಎಲಿಸ್ ಎಂದು. ‘ಪೀ ವೀ’ ಎಂದರೆ ಪುಟ್ಟ ಎಂದರ್ಥ. ಅವರು ಹುಟ್ಟಿದ್ದು 1941ರ ಏಪ್ರಿಲ್ 21ರಂದು, ಫ್ಲಾರಿಡಾದ ಬ್ರಾಡೆಂಟನ್ ಎಂಬ ಊರಿನಲ್ಲಿ. ತಾಯಿ 1949ರಲ್ಲಿ ಎಜೆಲ್ ಎಲಿಸ್ ಅವರನ್ನು ಮದುವೆಯಾದ ಮೇಲೆ ಕುಟುಂಬ ಟೆಕ್ಸಾಸ್‌ನ ಲಬಕ್‌ಗೆ ಹೋಯಿತು. ಮಲತಂದೆ ಸ್ಥಳೀಯ ಸಂಗೀತಗಾರರಿಗೆ ಕಾರ್ಯಕ್ರಮಗಳನ್ನು ಗೊತ್ತುಮಾಡಿಕೊಡುತ್ತಿದ್ದರು. ಊರೂರು ತಿರುಗುವ ವಾದಕರು ಅವರ ಮನೆಯಲ್ಲಿಯೇ ತಂಗುತ್ತಿದ್ದರು. ಮನೆಯಲ್ಲಿದ್ದ ಸಣ್ಣ ಹುಡುಗನಿಗೆ ಆ ಹೆಸರಿಟ್ಟವರು ಅವರೇ. ಕರಿಯರಿಗೆ ಎಲ್ಲ ಹೋಟೆಲುಗಳಲ್ಲಿಯೂ ಕೋಣೆ ಸಿಗದಿದ್ದ ಕಾಲವದು. ಹೀಗೆ ಮನೆಯಲ್ಲಿ ಬಂದುಳಿಯುವ ಕಲಾವಿದರೇ ಅಂಥ ಮಕ್ಕಳಿಗೆ ಮೊದಲ ಸಂಗೀತಶಾಲೆಯಾದದ್ದುಂಟು. ಆ ಮನೆಯ ಕತೆ 1955ರಲ್ಲಿ ಮುಗಿಯಿತು. ಲಬಕ್‌ನ ಕ್ಲಬ್ಬೊಂದರಲ್ಲಿ ಎಜೆಲ್ ಎಲಿಸ್ ಅವರನ್ನು ಇರಿದು ಕೊಂದರು. ಬಿಳಿಯ ಹೆಂಗಸೊಬ್ಬಳು ಅವರೊಡನೆ ಕುಣಿಯಲೇಬೇಕೆಂದು ಹಟ ಹಿಡಿದದ್ದು ಅದಕ್ಕೆ ಕಾರಣವಾಗಿತ್ತು. ಉಳಿದವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ವಲಸೆ ಹೋದರು. ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, 1968ರ ಹಾಡೊಂದರ ಬಗ್ಗೆ ಹೇಳುವಾಗ ಅದು ಬೇಕಾಗುತ್ತದೆ.

ರಾಚೆಸ್ಟರ್‌ನಲ್ಲಿ ಶಾಲೆ ಕಲಿಯುತ್ತಿರುವಾಗಲೇ ಎಲಿಸ್ ಹಣಕ್ಕೆ ನುಡಿಸತೊಡಗಿದ್ದರು. ಮುಂದೆ ಜಾಝ್ ಬೇಸ್ ವಾದನದಲ್ಲಿ ದೊಡ್ಡ ಹೆಸರಾದ ರಾನ್ ಕಾರ್ಟರ್ ಮತ್ತು ಟ್ರಂಪೆಟ್ ವಾದಕ ಚಕ್ ಮ್ಯಾಂಜಿಯೋನೆ ಅವರ ಜೊತೆಯವರು. 1957ರಲ್ಲಿ ನ್ಯೂಯಾರ್ಕ್ ನಗರದ ಬೀದಿಯಲ್ಲಿ ಸಾನಿ ರಾಲಿನ್ಸ್ ಎದುರಾದಾಗ, ಪಾಠ ಹೇಳಿಕೊಡುತ್ತೀರಾ ಎಂದು ಹದಿನಾರರ ಹುಡುಗ ಕೇಳಿಯೇಬಿಟ್ಟ, ರಾಲಿನ್ಸ್ ಒಪ್ಪಿದರು. ಟೆನರ್ ಸ್ಯಾಕ್ಸೋಫೋನ್ ಎಂದರೆ ಆಗ ರಾಲಿನ್ಸ್ ಎನ್ನುವಷ್ಟು ಅವರ ಹೆಸರಿತ್ತು. (ನಮ್ಮ ಓದುಗರಿಗೆ ಸ್ಯಾಕ್ಸೋಫೋನ್ ಎಂದರೆ ನೆನಪಾಗುವುದು ಕದ್ರಿ ಗೋಪಾಲನಾಥ್, ಅವರದು ಆಲ್ಟೋ. ಟೆನರ್ ಅದಕ್ಕಿಂತ ದೊಡ್ಡದು, ಅದರ ದನಿ ಗಂಡಸಿನ ಎದೆಯ ದನಿಗೆ ಹತ್ತಿರ.) ಎಲಿಸ್ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿಯೂ ಓದಿದರು. ಒಂದು ಕಡೆ ಸ್ವರಲಿಪಿಯ ಕಟ್ಟುನಿಟ್ಟು, ಇನ್ನೊಂದು ಕಡೆ ಜಾಝ್‌ನ ಮನೋಧರ್ಮ; ಎರಡನ್ನೂ ಅರಗಿಸಿಕೊಂಡ ಮೇಲೆ, 1965ರಲ್ಲಿ, ಟ್ರಂಪೆಟ್ ವಾದಕ ಗೆಳೆಯ ವೇಮನ್ ರೀಡ್ ಅವರ ಮೂಲಕ ಜೇಮ್ಸ್ ಬ್ರೌನ್ ಅವರ ತಂಡ ಸೇರಿದರು.

ಆ ತಂಡದ ಶಿಸ್ತಿನ ಬಗ್ಗೆ ನೀವು ಕೇಳಿರಬಹುದು. ತಪ್ಪು ಸ್ವರಕ್ಕೆ ದಂಡ, ತಡವಾಗಿ ಬಂದರೆ ದಂಡ, ಪಾಲಿಶ್ ಇಲ್ಲದ ಬೂಟಿಗೂ ದಂಡ. ಬ್ರೌನ್ ಕುಣಿಯುತ್ತಿರುವಾಗಲೇ ವಾದಕನ ಕಡೆಗೆ ಬೆರಳುಗಳನ್ನು ಬಿಚ್ಚಿ ತೋರಿಸುತ್ತಿದ್ದರು; ಪ್ರೇಕ್ಷಕರಿಗೆ ಅದು ನೃತ್ಯದ ಭಂಗಿ, ವಾದಕನಿಗೆ ಸಂಬಳದಲ್ಲಿ ಎಷ್ಟು ಡಾಲರ್ ಕಡಿತ ಎಂಬ ಲೆಕ್ಕ. ಇಂಥ ತಂಡದಲ್ಲಿ ಎಲಿಸ್ ಮೊದಲು ವಾದಕರಲ್ಲೊಬ್ಬರಾಗಿದ್ದು, ನ್ಯಾಟ್ ಜೋನ್ಸ್ ಅವರ ನಂತರ 1967ರ ಹೊತ್ತಿಗೆ ತಂಡದ ಸಂಗೀತ ಮುಖ್ಯಸ್ಥರಾದರು. ಬ್ರೌನ್ ಅವರ ತಲೆಯಲ್ಲಿ ಹೊಳೆದದ್ದನ್ನು ಹಾಳೆಗೆ ಇಳಿಸುವ, ಅಭ್ಯಾಸ ಮಾಡಿಸುವ, ಸ್ಟುಡಿಯೋದಲ್ಲಿ ಹಿಡಿದುಕೊಡುವ ಹೊಣೆ ಅಂದಿನಿಂದ ಅವರದಾಯಿತು.

‘ಕೋಲ್ಡ್ ಸ್ವೆಟ್’ ಹುಟ್ಟಿದ ಬಗೆಯನ್ನು ಎಲಿಸ್ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಒಂದು ಕಾರ್ಯಕ್ರಮ ಮುಗಿದ ಮೇಲೆ ಬ್ರೌನ್ ಅವರನ್ನು ತಮ್ಮ ಕೋಣೆಗೆ ಕರೆಸಿಕೊಂಡು, ಗಂಟಲಿನಲ್ಲಿ ಹೂಂಕರಿಸುತ್ತ ಬೇಸ್ ಗಿಟಾರಿನ ಒಂದು ನಡೆಯನ್ನು ಹೇಳಿದರು. ಅದರಲ್ಲಿ ಸ್ವರ ಇರಲಿಲ್ಲ, ಲಯ ಮಾತ್ರ ಇತ್ತು. ಎಲಿಸ್ ಆ ಲಯವನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಬಸ್ಸಿನ ಪ್ರಯಾಣದಲ್ಲಿ ಅದಕ್ಕೆ ಸ್ವರ ಕೊಟ್ಟು, ಉಳಿದ ವಾದ್ಯಗಳ ಪಾಲನ್ನು ಅದರ ಸುತ್ತ ಕಟ್ಟಿದರು. 1967ರ ಮೇ ತಿಂಗಳಲ್ಲಿ ಸಿನ್ಸಿನಾಟಿಯ ಕಿಂಗ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಏಳು ನಿಮಿಷ ದಾಟಿದ ಹಾಡನ್ನು ಪುಟ್ಟ ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲುಗಳಿಗೆ ಒಂದನೆಯ ಭಾಗ, ಎರಡನೆಯ ಭಾಗ ಎಂದು ಹಂಚಿ ಜುಲೈನಲ್ಲಿ ಹೊರತಂದರು. ಅದು ಕರಿಯರ ಸಂಗೀತದ ಜನಪ್ರಿಯತೆಯ ಪಟ್ಟಿಯಾದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 1ನೆಯ ಸ್ಥಾನಕ್ಕೂ, ಎಲ್ಲ ಜನರ ಪಾಪ್ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೂ ಏರಿತು.

ಈಗ ಹಾಡನ್ನು ಹತ್ತಿರದಿಂದ ನೋಡೋಣ. ಅರೇಂಜರ್ ಮಾಡುವುದೇನು ಎಂಬ ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಅದುವರೆಗಿನ ಸೋಲ್ ಹಾಡುಗಳಲ್ಲಿ ಕಾರ್ಡ್‌ಗಳು, ಎಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಮೆಟ್ಟಿಲು ಹತ್ತಿಳಿದಂತೆ ಬದಲಾಗುತ್ತ ಹೋಗಿ, ಕೊನೆಗೆ ಮನೆಗೆ ಮರಳುತ್ತಿದ್ದವು. ಕೇಳುಗನಿಗೆ ಮುಂದೇನು ಎಂಬ ಕುತೂಹಲ ಹುಟ್ಟುತ್ತಿದ್ದದ್ದು ಆ ಚಲನೆಯಿಂದ. ‘ಕೋಲ್ಡ್ ಸ್ವೆಟ್’ನ ಮುಖ್ಯಭಾಗದಲ್ಲಿ ಕಾರ್ಡ್ ಒಂದೇ. ನಡುವೆ ಚರಣದಂಥ ಭಾಗದಲ್ಲಿ ಮಾತ್ರ ಅದು ಬೇರೆ ಕಡೆಗೆ ಸರಿದು, ಮತ್ತೆ ಬಂದು ಅಲ್ಲಿಯೇ ಕೂರುತ್ತದೆ. ತಂಬೂರಿಯ ಶ್ರುತಿಯ ಮೇಲೆ ಗಂಟೆಗಟ್ಟಲೆ ಹಾಡುವ ಸಂಪ್ರದಾಯದ ನಮಗೆ ಇದರಲ್ಲಿ ಅಚ್ಚರಿ ಕಾಣದಿರಬಹುದು. ಅಮೆರಿಕದ ಜನಪ್ರಿಯ ಸಂಗೀತದಲ್ಲಿ ಅದು ಮನೆಯ ಕಂಬವನ್ನೇ ಕಿತ್ತಂತೆ. ಕಂಬ ತೆಗೆದ ಮೇಲೆ ಸೂರು ನಿಂತದ್ದು ಲಯದ ಮೇಲೆ.

ಆ ಲಯವನ್ನು ಒಬ್ಬ ವಾದಕ ಹೊತ್ತಿಲ್ಲ. ಎಲ್ಲರೂ ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ. ಡ್ರಮ್ಸ್‌ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್. ಅವರು ಎರಡು ಬಾರ್‌ಗಳ (ನಾಲ್ಕು ಎಣಿಕೆಯ ಆವರ್ತಗಳ) ನಡೆಯಲ್ಲಿ, ಮೊದಲ ಬಾರ್‌ನ ನಾಲ್ಕನೆಯ ಪೆಟ್ಟನ್ನು ಅದರ ಜಾಗದಲ್ಲಿ ಹಾಕದೆ ಅರ್ಧ ಎಣಿಕೆ ತಡೆದು ಹಾಕುತ್ತಾರೆ. ಕಿವಿ ಅಲ್ಲಿ ಪೆಟ್ಟು ನಿರೀಕ್ಷಿಸಿ, ಸಿಗದೆ ಮುಗ್ಗರಿಸಿ, ಮುಂದಿನ ಬಾರ್‌ನ ಮೊದಲ ಪೆಟ್ಟಿಗೆ ಬಂದು ಆತುಕೊಳ್ಳುತ್ತದೆ. ಬ್ರೌನ್ ಆ ಮೊದಲ ಪೆಟ್ಟನ್ನು ‘ದಿ ಒನ್’ ಎನ್ನುತ್ತಿದ್ದರು. ನಾವು ಸಮ ಎನ್ನುತ್ತೇವೆ. ಜಾಝ್ ಮತ್ತು ಸೋಲ್‌ನಲ್ಲಿ ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಬ್ರೌನ್ ಅವರ ತಂಡ ಒತ್ತನ್ನು ಸಮಕ್ಕೆ ತಂದಿತು. ಸಮವನ್ನು ಗಟ್ಟಿಯಾಗಿ ಕಟ್ಟಿದರೆ ಉಳಿದ ಎಣಿಕೆಗಳಲ್ಲಿ ಎಷ್ಟು ಬೇಕಾದರೂ ಆಡಬಹುದು ಎಂಬುದು ಮೃದಂಗದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಬರ್ನಾರ್ಡ್ ಓಡಮ್ ಅವರ ಬೇಸ್ ಗಿಟಾರ್ ಸಮವನ್ನು ಹಿಡಿದು, ನಡುವಿನ ಎಣಿಕೆಗಳಲ್ಲಿ ಬಿಡುವು ಬಿಡುತ್ತದೆ. ಜಿಮ್ಮಿ ನೋಲೆನ್ ಅವರ ಗಿಟಾರ್ ತಂತಿಗಳನ್ನು ಅರೆಬರೆ ಒತ್ತಿ ‘ಚಿಕ್ ಚಿಕ್’ ಎಂದು ಕೆರೆಯುತ್ತದೆ, ಕೋಳಿ ಕೆದಕಿದಂತೆ.

ಗಾಳಿವಾದ್ಯಗಳಿಗೆ ಎಲಿಸ್ ಬರೆದದ್ದು ಎಷ್ಟು? ಮುಖ್ಯಭಾಗದಲ್ಲಿ ಎದ್ದು ಕೇಳಿಸುವುದು ಎರಡು ಸ್ವರಗಳ ಒಂದು ಉತ್ತರ, ಅಷ್ಟೇ. ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ ಎಂಬ ಜಾಝ್ ಕೃತಿಯಲ್ಲಿ ಬೇಸ್ ಒಂದು ಮಾತು ಕೇಳುತ್ತದೆ, ಗಾಳಿವಾದ್ಯಗಳು ಎರಡು ಸ್ವರಗಳಲ್ಲಿ ಉತ್ತರಿಸುತ್ತವೆ. ಅದರ ಗುಂಗು ತಮ್ಮ ತಲೆಯಲ್ಲಿತ್ತು ಎಂದು ಎಲಿಸ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ. ಮೈಲ್ಸ್ ಅವರಲ್ಲಿ ಆ ಎರಡು ಸ್ವರಗಳು ನಿಟ್ಟುಸಿರಿನಂತಿವೆ, ಇಲ್ಲಿ ಚಾಟಿಯೇಟಿನಂತೆ ಬೀಳುತ್ತವೆ. ಸ್ವರಗಳ ಉದ್ದವನ್ನು ಕತ್ತರಿಸಿ, ಅವು ಬೀಳುವ ಜಾಗವನ್ನು ಸರಿಸಿದ್ದರಿಂದ ಆದ ವ್ಯತ್ಯಾಸ ಇದು. ಜಾಝ್ ಕಲಿತ ಕೈ ಅಷ್ಟು ಕಡಿಮೆ ಬರೆಯುವುದು ಸುಲಭವಲ್ಲ. ನಾನು ಮೊದಲ ಬಾರಿಗೆ ಮೂರು ಗಾಳಿವಾದ್ಯಗಳಿಗೆ ಬರೆದಾಗ ಒಂದು ಬಾರ್ ಕೂಡ ಖಾಲಿ ಬಿಟ್ಟಿರಲಿಲ್ಲ. ವೇದಿಕೆಯ ಮೇಲೆ ಗಾಯಕಿ ಎರಡನೆಯ ಚರಣಕ್ಕೆ ಮೈಕನ್ನು ಕೆಳಗಿಳಿಸಿ ನನ್ನ ಕಡೆ ತಿರುಗಿ ನಿಂತರು. ಹಾಡಲು ಅವರಿಗೆ ಜಾಗವೇ ಉಳಿದಿರಲಿಲ್ಲ.

ಹಾಡಿನ ನಡುವೆ ಬ್ರೌನ್ ಮೇಸಿಯೋ ಪಾರ್ಕರ್ ಅವರ ಹೆಸರು ಹಿಡಿದು ಕರೆಯುತ್ತಾರೆ. ಅವರ ಸ್ಯಾಕ್ಸೋಫೋನ್ ವಾದನ ಆ ಒಂದೇ ಕಾರ್ಡಿನ ಮೇಲೆ ಸಾಗುತ್ತದೆ. ಆಮೇಲೆ, ಡ್ರಮ್ಸ್‌ನವರಿಗೂ ಸ್ವಲ್ಪ ಅವಕಾಶ ಕೊಡಿ ಎನ್ನುತ್ತಾರೆ. ಉಳಿದವರು ಹಿಂದೆ ಸರಿದು ಸ್ಟಬಲ್‌ಫೀಲ್ಡ್ ಮುಂದೆ ಬರುತ್ತಾರೆ. ಅದನ್ನು ತನಿ ಆವರ್ತನ ಎಂದುಕೊಳ್ಳಬೇಡಿ. ತನಿಯಲ್ಲಿ ಲೆಕ್ಕಾಚಾರ ಬೆಳೆಯುತ್ತ ಹೋಗಿ ಕೋರ್ವೆಗೆ ತಲುಪುತ್ತದೆ. ಇಲ್ಲಿ ಅದೇ ಎರಡು ಬಾರ್‌ಗಳ ನಡೆ, ಮೇಲಿನ ಹೊದಿಕೆ ತೆಗೆದು, ಬರಿಮೈಯಲ್ಲಿ ನಿಲ್ಲುತ್ತದೆ. ಮುಂದೆ ಹಿಪ್-ಹಾಪ್‌ನವರು ಹಳೆಯ ತಟ್ಟೆಗಳಿಂದ ಹೆಕ್ಕಿಕೊಂಡದ್ದು ಇಂಥ ಬರಿಮೈ ತುಣುಕುಗಳನ್ನೇ.

ಕರ್ತೃತ್ವದ ವಿಷಯಕ್ಕೆ ಬಂದರೆ, ಹಕ್ಕುಸ್ವಾಮ್ಯದ ರೂಢಿಯಲ್ಲಿ ಹಾಡು ಎಂದರೆ ಸಾಹಿತ್ಯ ಮತ್ತು ಸ್ವರ. ಹೂಂಕಾರಕ್ಕೆ ಸ್ವರ ಕೊಟ್ಟ ಎಲಿಸ್ ಅವರ ಹೆಸರು ಆದ್ದರಿಂದ ಕರ್ತೃಗಳ ಸಾಲಿನಲ್ಲಿ ಸೇರಿತು. ಡ್ರಮ್ಸ್ ನಡೆ ಆ ರೂಢಿಯ ಲೆಕ್ಕಕ್ಕೆ ಬರುವುದಿಲ್ಲ. ಸ್ಟಬಲ್‌ಫೀಲ್ಡ್ ಅವರ ಕೈಯಿಂದ ಬಂದ ನಡೆಗಳು ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾದರೂ ಅವರು ಅವುಗಳ ಕರ್ತೃ ಎನಿಸಿಕೊಳ್ಳದೆ 2017ರಲ್ಲಿ ತೀರಿಕೊಂಡರು. ಲಯವೇ ಜೀವವಾಗಿರುವ ಸಂಗೀತದಲ್ಲಿ ಲಯ ಕೊಟ್ಟವನಿಗೆ ಪಾಲಿಲ್ಲದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನೀವು ಕೇಳಿದ ‘ಕಟ್ಟಿದವರು ಯಾರು’ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಎರಡು ಹೆಸರು. ಕಿವಿಯ ಉತ್ತರ ಅದಕ್ಕಿಂತ ಹೆಚ್ಚು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮರುದಿನ ರಾತ್ರಿ ಬಾಸ್ಟನ್‌ನಲ್ಲಿ ಬ್ರೌನ್ ಅವರ ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು. ಜನ ಬೀದಿಗಿಳಿಯದೆ ಮನೆಯಲ್ಲಿಯೇ ಕುಳಿತು ನೋಡಲೆಂದು ಅದನ್ನು ದೂರದರ್ಶನದಲ್ಲಿ ನೇರವಾಗಿ ಬಿತ್ತರಿಸಲಾಯಿತು. ಅದೇ ವರ್ಷ ಆಗಸ್ಟ್ 7ರಂದು ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಣವಾದದ್ದು ‘ಸೇ ಇಟ್ ಲೌಡ್, ಐಯಾಮ್ ಬ್ಲ್ಯಾಕ್ ಅಂಡ್ ಐಯಾಮ್ ಪ್ರೌಡ್’. ಕರಿಯನೆಂಬ ಹೆಮ್ಮೆಯನ್ನು ಗಟ್ಟಿಯಾಗಿ ಹೇಳು ಎನ್ನುವ ಈ ಹಾಡಿನ ಕರ್ತೃಗಳು ಬ್ರೌನ್ ಮತ್ತು ಎಲಿಸ್. ಗಾಯಕ ಅರ್ಧ ಸಾಲು ಹೇಳುತ್ತಾನೆ, ಮಕ್ಕಳ ಗುಂಪು ಉಳಿದರ್ಧವನ್ನು ಕೂಗುತ್ತದೆ. ಟ್ರೊಂಬೋನ್ ವಾದಕ ಫ್ರೆಡ್ ವೆಸ್ಲಿ ಬ್ರೌನ್ ಅವರಿಗಾಗಿ ಸ್ಟುಡಿಯೋದಲ್ಲಿ ನುಡಿಸಿದ ಮೊದಲ ಹಾಡೂ ಅದೇ. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಎಲಿಸ್ ಇಲ್ಲಿಯೂ ಗಾಳಿವಾದ್ಯಗಳನ್ನು ಹಿಡಿತದಲ್ಲಿಯೇ ಇಟ್ಟಿದ್ದಾರೆ. ಮಕ್ಕಳ ದನಿಯ ಮೇಲೆ ಅವು ಎಲ್ಲಿಯೂ ಹತ್ತಿ ಕೂರುವುದಿಲ್ಲ. ಲಬಕ್‌ನ ಕ್ಲಬ್ಬಿನಲ್ಲಿ ಮಲತಂದೆಯನ್ನು ಕಳೆದುಕೊಂಡ ಹುಡುಗ ಹದಿಮೂರು ವರ್ಷದ ನಂತರ ಬರೆದ ಸಂಗೀತವೆಂದು ತಿಳಿದು ಕೇಳಿದರೆ, ಅದು ನಮ್ಮ ಕಿವಿಗಾದರೂ ಬೇರೆಯಾಗಿ ಕೇಳಿಸುತ್ತದೆ.

1969ರಲ್ಲಿ ‘ಮದರ್ ಪಾಪ್‌ಕಾರ್ನ್’ ಎಂಬ ಇನ್ನೊಂದು ಜಂಟಿ ರಚನೆಯೂ ಅದೇ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಆ ವರ್ಷವೇ ಎಲಿಸ್ ತಂಡ ಬಿಟ್ಟು ನ್ಯೂಯಾರ್ಕ್‌ಗೆ ಮರಳಿದರು. ನಾಲ್ಕು ವರ್ಷ. ಅವರ ಬಗ್ಗೆ ಬರೆಯುವವರು ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಮುಂದಿನ ಐವತ್ತು ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅರೇಂಜರ್ ಆಗಿ ಅವರ ಅಳತೆ ಸಿಗುವುದು ಆ ಐವತ್ತು ವರ್ಷಗಳಲ್ಲಿ ಎಂದು ನನಗನ್ನಿಸುತ್ತದೆ. ಏಕೆಂದರೆ ಬ್ರೌನ್ ಅವರಿಗೆ ಒಗ್ಗಿದ ಸೂತ್ರವನ್ನು ಅವರು ಬೇರೆ ಕಂಠಗಳ ಮೇಲೆ ಹೇರಲಿಲ್ಲ.

ಜಾಝ್ ನಿರ್ಮಾಪಕ ಕ್ರೀಡ್ ಟೇಲರ್ ತಮ್ಮ ಸಿಟಿಐ ಸಂಸ್ಥೆಯ ಅಡಿಯಲ್ಲಿ ಸೋಲ್ ಬಗೆಯ ಸಂಗೀತಕ್ಕೆಂದೇ ಕುಡು ಎಂಬ ಲೇಬಲ್ ತೆರೆದಿದ್ದರು. ಅಲ್ಲಿ ಎಲಿಸ್ ಅರೇಂಜರ್ ಆಗಿ ಕೆಲಸ ಮಾಡಿದರು. ಸ್ಯಾಕ್ಸೋಫೋನ್ ವಾದಕ ಹ್ಯಾಂಕ್ ಕ್ರಾಫರ್ಡ್ ಮತ್ತು ಗಾಯಕಿ ಎಸ್ತರ್ ಫಿಲಿಪ್ಸ್ ಅವರ ಧ್ವನಿಮುದ್ರಿಕೆಗಳು ಆ ಕಾಲದವು. ಫಿಲಿಪ್ಸ್ ಅವರ 1972ರ ‘ಫ್ರಮ್ ಎ ವಿಸ್ಪರ್ ಟು ಎ ಸ್ಕ್ರೀಮ್’ ಕೇಳಿ. ಮಾದಕವಸ್ತುವಿನ ಚಟದೊಡನೆ ವರ್ಷಗಟ್ಟಲೆ ಸೆಣಸಿದ್ದ ಗಾಯಕಿ, ಗಿಲ್ ಸ್ಕಾಟ್-ಹೆರನ್ ಬರೆದ ಅದೇ ವಸ್ತುವಿನ ಹಾಡನ್ನು ಹಾಡುತ್ತಾರೆ. ಕಂಠ ಮೂಗಿನಿಂದ ಬರುವಂಥದ್ದು, ತೆಳು, ಒಂದಿಷ್ಟು ಹುಳಿ. ಅಂಥ ಕಂಠದ ಹಿಂದೆ ದಪ್ಪ ದನಿಯ ವಾದ್ಯಗಳನ್ನು ಉದ್ದಕ್ಕೆ ಎಳೆದರೆ ಮಾತು ಮುಳುಗುತ್ತದೆ. ಎಲಿಸ್ ತಾಳವಾದ್ಯ ಮತ್ತು ಗಿಟಾರನ್ನು ಗಾಯಕಿಯ ಮಗ್ಗುಲಲ್ಲಿ ಬಿಟ್ಟು, ಗಾಳಿವಾದ್ಯ ಮತ್ತು ತಂತಿವಾದ್ಯಗಳನ್ನು ಸಾಲುಗಳ ಸಂದಿನಲ್ಲಿ ತರುತ್ತಾರೆ. ಆ ಮುದ್ರಿಕೆಗಾಗಿ ಫಿಲಿಪ್ಸ್ ಅವರ ಹೆಸರು ಗ್ರ್ಯಾಮಿ ಪ್ರಶಸ್ತಿಗೆ ಸೂಚಿತವಾಗಿತ್ತು. ಪ್ರಶಸ್ತಿ ಗೆದ್ದ ಅರೀಥಾ ಫ್ರಾಂಕ್ಲಿನ್ ಅದನ್ನು ಫಿಲಿಪ್ಸ್ ಅವರಿಗೇ ಕೊಟ್ಟುಬಿಟ್ಟರು.

ಎಪ್ಪತ್ತರ ದಶಕದ ಕೊನೆಯಲ್ಲಿ ಎಲಿಸ್ ಸ್ಯಾನ್‌ಫ್ರಾನ್ಸಿಸ್ಕೋ ಕಡೆಗೆ ಹೋದರು. ಅಲ್ಲಿಂದ ಶುರುವಾದದ್ದು ಐರ್ಲೆಂಡಿನ ಗಾಯಕ ವ್ಯಾನ್ ಮಾರಿಸನ್ ಅವರ ಜೊತೆಗಿನ ದೀರ್ಘ ಒಡನಾಟ: 1979ರಿಂದ 1986ರವರೆಗೆ, ಮತ್ತೆ 1995ರಿಂದ 1999ರವರೆಗೆ. ಬ್ರೌನ್ ಮತ್ತು ಮಾರಿಸನ್ ಇಬ್ಬರೂ ವೇದಿಕೆಯ ಮೇಲೆ ಹಾಡನ್ನು ಎತ್ತ ಬೇಕಾದರೂ ತಿರುಗಿಸುವವರು, ಆದರೆ ತಿರುಗಿಸುವ ಬಗೆ ಬೇರೆ. ಬ್ರೌನ್ ಒಂದು ಕೂಗಿಗೆ ಇಡೀ ತಂಡ ಗಕ್ಕನೆ ನಿಲ್ಲಬೇಕೆನ್ನುವವರು. ಮಾರಿಸನ್ ಒಂದು ನುಡಿಗಟ್ಟನ್ನು ಹಿಡಿದು ಅದನ್ನೇ ಹತ್ತು ಸಲ, ಇಪ್ಪತ್ತು ಸಲ ಉಜ್ಜುತ್ತ, ಪಿಸುಮಾತಿಗೆ ಇಳಿಯುವವರು. 1980ರ ‘ಕಾಮನ್ ಒನ್’ ಮುದ್ರಿಕೆಯನ್ನು ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿದ್ದ ಸ್ಟುಡಿಯೋದಲ್ಲಿ ಮಾಡಿದರು. ಅದರಲ್ಲಿ ಹದಿನೈದು ನಿಮಿಷದ ಒಂದು ಹಾಡಿದೆ, ‘ಸಮ್ಮರ್‌ಟೈಮ್ ಇನ್ ಇಂಗ್ಲೆಂಡ್’. ಎಲಿಸ್ ಅವರ ಸ್ಯಾಕ್ಸೋಫೋನ್, ಮಾರ್ಕ್ ಐಶಮ್ ಅವರ ಟ್ರಂಪೆಟ್ ಅಲ್ಲಿ ಮಂಜಿನಂತೆ ಸುಳಿದಾಡುತ್ತವೆ. ಇದೇ ಮನುಷ್ಯ ‘ಕೋಲ್ಡ್ ಸ್ವೆಟ್’ ಬರೆದದ್ದೇ ಎಂದು ಸಂಶಯ ಬರುತ್ತದೆ. ನೇರ ಕಾರ್ಯಕ್ರಮಗಳಲ್ಲಿ ಈ ಹಾಡಿನ ಹೊತ್ತಿಗೆ ಎಲಿಸ್ ವಾದ್ಯವನ್ನು ಕೆಳಗಿಳಿಸಿ, ಮಾರಿಸನ್ ಹೇಳಿದ ಮಾತನ್ನೇ ಮಾತಿನಲ್ಲಿ ಮರುನುಡಿಯುತ್ತಿದ್ದರು. ಚರ್ಚಿನಲ್ಲಿ ಉಪದೇಶಕನಿಗೆ ಸಭೆ ಓಗೊಡುವ ಪರಿ ಅದು. ನಮ್ಮ ಹರಿಕಥೆಯ ಹಿಮ್ಮೇಳದವರಿಗೂ ಅಪರಿಚಿತವಲ್ಲ. ‘ಸೇ ಇಟ್ ಲೌಡ್’ನ ಮಕ್ಕಳು ಕೂಗಿ ಮಾಡಿದ ಕೆಲಸವನ್ನೇ ಇಲ್ಲಿ ಒಬ್ಬ ವಯಸ್ಕ ಮೆಲುದನಿಯಲ್ಲಿ ಮಾಡುತ್ತಿದ್ದ.

ಎಂಬತ್ತರ ದಶಕದ ಕೊನೆಗೆ ಬ್ರೌನ್ ತಂಡದ ಹಳೆಯ ಮೂವರು ಮತ್ತೆ ಒಂದಾದರು: ಆಲ್ಟೋದಲ್ಲಿ ಮೇಸಿಯೋ ಪಾರ್ಕರ್, ಟ್ರೊಂಬೋನ್‌ನಲ್ಲಿ ಫ್ರೆಡ್ ವೆಸ್ಲಿ, ಟೆನರ್‌ನಲ್ಲಿ ಎಲಿಸ್. ಜೆಬಿ ಹಾರ್ನ್ಸ್ ಎಂಬ ಹೆಸರಿನಲ್ಲಿ ಯುರೋಪಿನ ತುಂಬ ತಿರುಗಿದರು. ಪಾರ್ಕರ್ ಹೆಸರಿನಲ್ಲಿ ಬಂದ ‘ಲೈಫ್ ಆನ್ ಪ್ಲಾನೆಟ್ ಗ್ರೂವ್’, 1992ರ ಮಾರ್ಚ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ನೇರವಾಗಿ ಮುದ್ರಿಸಿದ್ದು. ಮೂರು ಗಾಳಿವಾದ್ಯ ಎಷ್ಟು ದೊಡ್ಡದಾಗಿ ಕೇಳಿಸಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆಮೇಲೆ ಆಫ್ರಿಕದ ಕಡೆಗೆ ತಿರುಗಿದರು. ಮಾಲಿ ದೇಶದ ಗಾಯಕಿ ಊಮೂ ಸಂಗಾರೆ ಅವರ 1996ರ ‘ವೊರೊತಾನ್’ ಮುದ್ರಿಕೆಗೆ ಗಾಳಿವಾದ್ಯಗಳ ಭಾಗ ಅವರದು. ಸೆನೆಗಲ್‌ನ ಶೇಖ್ ಲೋ, ಮಾಲಿಯ ಅಲಿ ಫರ್ಕಾ ತೂರೆ ಅವರ ಮುದ್ರಿಕೆಗಳಲ್ಲಿಯೂ ನುಡಿಸಿದರು. ಬ್ರೌನ್ ಅವರ ತಟ್ಟೆಗಳನ್ನು ಕೇಳಿ ಬೆಳೆದ ಪಶ್ಚಿಮ ಆಫ್ರಿಕದ ಸಂಗೀತಗಾರರಿಗೆ ಆ ತಟ್ಟೆಗಳ ಅರೇಂಜರ್ ಎದುರಿಗೇ ಬಂದು ಕುಳಿತಂತಾಯಿತು. ಎಪ್ಪತ್ತು ದಾಟಿದ ಮೇಲೂ ಡ್ರಮ್ಸ್‌ನ ಜಿಂಜರ್ ಬೇಕರ್ ಅವರೊಡನೆ ಜಾಝ್ ತಂಡವೊಂದರಲ್ಲಿ ನುಡಿಸಿದರು. ಕೊನೆಯ ವರ್ಷಗಳನ್ನು ಇಂಗ್ಲೆಂಡಿನಲ್ಲಿ ಕಳೆದ ಎಲಿಸ್ ಅವರು 2021ರ ಸೆಪ್ಟೆಂಬರ್ 23ರಂದು, 80ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೀವು ಕೀಬೋರ್ಡ್ ನುಡಿಸುವವರಾದ್ದರಿಂದ ಕೈಯಾರೆ ಮಾಡಿ ನೋಡುವಂಥ ಒಂದು ಉದಾಹರಣೆ ಕೊಡುತ್ತೇನೆ. 1969ರಲ್ಲಿ ಬ್ರೌನ್ ಅವರ ತಟ್ಟೆಯೊಂದರ ಹಿಂಬದಿಯಲ್ಲಿ, ಹಾಡಿಲ್ಲದ ಬರಿಯ ವಾದ್ಯಸಂಗೀತವಾಗಿ, ಎಲಿಸ್ ಅವರ ‘ದಿ ಚಿಕನ್’ ಬಂತು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಬೇಸ್ ಗಿಟಾರ್ ವಾದಕ ಜಾಕೋ ಪಾಸ್ಟೋರಿಯಸ್ ಎಂಬತ್ತರ ದಶಕದಲ್ಲಿ ಅದನ್ನು ತಮ್ಮ ವೇದಿಕೆಯ ಖಾಯಂ ಕೃತಿಯಾಗಿಸಿಕೊಂಡ ಮೇಲೆ, ಇಂದು ಜಗತ್ತಿನಲ್ಲಿ ಬೇಸ್ ಕಲಿಯುವವರು ನುಡಿಸದೆ ಬಿಡುವುದಿಲ್ಲ. ಎಷ್ಟೋ ಜನ ಅದು ಪಾಸ್ಟೋರಿಯಸ್ ಅವರದೇ ರಚನೆ ಎಂದು ತಿಳಿದಿದ್ದಾರೆ.

ಅದರ ಒಂದು ಸುತ್ತು ಹದಿನಾರು ಬಾರ್. ಬಿ ಫ್ಲ್ಯಾಟ್ ಸೆವೆಂತ್ ನಾಲ್ಕು ಬಾರ್, ಇ ಫ್ಲ್ಯಾಟ್ ಸೆವೆಂತ್ ಎರಡು, ಡಿ ಸೆವೆಂತ್ ಒಂದು, ಜಿ ಸೆವೆಂತ್ ಒಂದು, ಸಿ ಸೆವೆಂತ್ ನಾಲ್ಕು, ಮತ್ತೆ ಬಿ ಫ್ಲ್ಯಾಟ್ ಸೆವೆಂತ್ ನಾಲ್ಕು. ಬೇಸ್ ಸ್ವರವನ್ನು ಬೇಸ್ ಗಿಟಾರಿಗೆ ಬಿಟ್ಟು, ಪ್ರತಿ ಕಾರ್ಡಿನಿಂದ ಮೂರನೆಯ ಮತ್ತು ಏಳನೆಯ ಸ್ವರಗಳನ್ನು ಮಾತ್ರ ಎರಡು ಬೆರಳಲ್ಲಿ ಹಿಡಿಯಿರಿ. ಮೊದಲ ಕಾರ್ಡಿಗೆ ಡಿ ಮತ್ತು ಎ ಫ್ಲ್ಯಾಟ್. ಎರಡನೆಯದಕ್ಕೆ ಡಿ ಫ್ಲ್ಯಾಟ್ ಮತ್ತು ಜಿ. ಮೂರನೆಯದಕ್ಕೆ ಸಿ ಮತ್ತು ಎಫ್ ಶಾರ್ಪ್. ನಾಲ್ಕನೆಯದಕ್ಕೆ ಬಿ ಮತ್ತು ಎಫ್. ಐದನೆಯದಕ್ಕೆ ಬಿ ಫ್ಲ್ಯಾಟ್ ಮತ್ತು ಇ. ಬೇಸ್ ನೆಗೆದಾಡುತ್ತಿದ್ದರೂ ನಿಮ್ಮ ಎರಡು ಬೆರಳುಗಳು ಪ್ರತಿ ಸಲವೂ ಪಕ್ಕದ ಮನೆಗೆ, ಒಂದೊಂದೇ ಅರ್ಧ ಸ್ವರ ಕೆಳಗೆ, ಜಾರುತ್ತವೆ. ಸಿ ಸೆವೆಂತ್‌ನಿಂದ ಮನೆಗೆ ಮರಳುವಾಗ ಮಾತ್ರ ಪೂರ್ತಿ ಒಂದು ಸ್ವರದ ಇಳಿತ. ಹಾಗಾಗಿಯೇ ಅಲ್ಲಿ ಬಂದಿಳಿದಂಥ ನೆಮ್ಮದಿ.

ಇದನ್ನೇ ಮೂರು ಗಾಳಿವಾದ್ಯಗಳಿಗೆ ಹಂಚುವುದಾದರೆ ಮೊದಲ ಕಾರ್ಡಿಗೆ ಟ್ರೊಂಬೋನ್‌ಗೆ ಎ ಫ್ಲ್ಯಾಟ್, ಟೆನರ್‌ಗೆ ಡಿ ಕೊಟ್ಟು, ಮೇಲೆ ಆಲ್ಟೋಗೆ ಒಂಬತ್ತನೆಯ ಸ್ವರವಾದ ಸಿ ಕೊಡಿ. ಬರೆಯುವಾಗ ಎಚ್ಚರ: ಈ ವಾದ್ಯಗಳು ನಿಮ್ಮ ಕೀಬೋರ್ಡಿನ ಸ್ವರಹೆಸರಿಗೆ ಸರಿಯಾಗಿ ನುಡಿಯುವುದಿಲ್ಲ. ಡಿ ಕೇಳಿಸಬೇಕಾದರೆ ಟೆನರ್‌ನವರ ಹಾಳೆಯಲ್ಲಿ ಇ ಇರಬೇಕು, ಸಿ ಕೇಳಿಸಬೇಕಾದರೆ ಆಲ್ಟೋದವರ ಹಾಳೆಯಲ್ಲಿ ಎ ಇರಬೇಕು; ಟ್ರೊಂಬೋನ್‌ನವರಿಗೆ ಮಾತ್ರ ಇದ್ದದ್ದು ಇದ್ದ ಹಾಗೆ. ಆಮೇಲೆ ಮೂವರಿಗೂ ಹೇಳಿ, ಸ್ವರ ಹಿಡಿದದ್ದಕ್ಕಿಂತ ಬಿಟ್ಟದ್ದು ಗಟ್ಟಿಯಾಗಿ ಕೇಳಿಸಬೇಕು, ಪ್ರತಿ ಸ್ವರವೂ ಮುಗಿಯುವ ಜಾಗ ಮೂವರದೂ ಒಂದೇ ಆಗಿರಬೇಕು ಎಂದು. ನಿಮ್ಮ ವೃಂದದಲ್ಲಿ ಟ್ರೊಂಬೋನ್ ಇಲ್ಲದಿದ್ದರೆ ಆ ಎ ಫ್ಲ್ಯಾಟ್ ನಿಮ್ಮ ಎಡಗೈಯ ಪಾಲಿಗೆ ಬರುತ್ತದೆ. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನುಡಿಸಿ.